ಮೂರು ಊರು, ಮೂರು ಆಟ, ಒಂದು ಪೊಟ್ಟಣ ಪುಳಿಯೋಗರೆ

ಅಮೆರಿಕಾ ಅಂದ ಕೂಡಲೇ ನಮ್ಮ ಹುಡುಗರ ಕಣ್ಣ ಮುಂದೆ ಬರೋದು ಎರಡೇ. ಒಂದು ಹಾಲಿವುಡ್ಡು. ಇನ್ನೊಂದು ಕೈಯಲ್ಲಿ ಪಂಜು ಹಿಡಿದು ನ್ಯೂಯಾರ್ಕಿನಲ್ಲಿ ನಿಂತಿರುವ ಆ ಮಹಾತಾಯಿ. ನಾನು ಎರಡನ್ನೂ ನೋಡದೆ ವಾಪಸ್ ಬಂದ ಗಿರಾಕಿ! "ಅಷ್ಟು ದೂರ ಹೋಗಿ ಮತ್ತೇನು ಕಡಿದೆಯಪ್ಪಾ?" ಅಂತ ನೀವು ಬೈಯೋ ಮುಂಚೆ ಹೇಳಿಬಿಡುತ್ತೇನೆ. ನಾನು ನೋಡಿದ್ದು ಮೂರು ಊರು, ಮೂರು ಬೇಸ್‌ಬಾಲ್ ಆಟ. ತಿಂದಿದ್ದಕ್ಕೆ ಲೆಕ್ಕವಿಲ್ಲ. ಮತ್ತೆ ಮೂರನೆಯ ಊರಿನ ಒಂದು ಸೇತುವೆಯ ಮೇಲೆ ನಡೆದ ಒಂದು ದೃಶ್ಯ. ಅದು ಯಾವ ಸಿನಿಮಾದಲ್ಲೂ ಸಿಗೋದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನ ಮನೆ ಇರುವುದು ಒಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ. ಎರಡು ತಿಂಗಳು ಇದ್ದು ಬಾ ಅಂತ ಕರೆಸಿಕೊಂಡಿದ್ದಳು. ಅದೇ ಊರಿನಲ್ಲಿ ನನ್ನ ಮೈಸೂರಿನ ಹಳೇ ದೋಸ್ತನೂ ಇದ್ದ. ಕಾಲೇಜಿಗೆ ಚಕ್ಕರ್ ಹಾಕಿ ಶಾಂತಲಾ, ಗಾಯತ್ರಿ, ಲಕ್ಷ್ಮಿ ಅಂತ ಟಾಕೀಸು ಟಾಕೀಸು ಸುತ್ತಿದವರು ನಾವು. ಅವನಪ್ಪ ಮೈಸೂರಿನಲ್ಲಿ ಆಟೋ ಓಡಿಸುತ್ತಿದ್ದರು. ಆಟೋದ ಹಿಂದೆ ಯಾರ ಚಿತ್ರ ಇತ್ತು ಅಂತ ಕೇಳಲೇಬೇಡಿ. ಕರ್ನಾಟಕದ ಆಟೋ ಅಂದ ಮೇಲೆ ಶಂಕರ್‌ನಾಗ್ ಅಲ್ಲದೆ ಇನ್ಯಾರು?

ಆ ದುಡಿಮೆಯಲ್ಲೇ ಮಗನನ್ನು ಇಂಜಿನಿಯರ್ ಮಾಡಿದರು. ಅವನು ಅಮೆರಿಕಾ ಸೇರಿದ. ನಾನು ಹೋದಾಗ ಗತ್ತಿನಲ್ಲಿ ಕಾರು ತಂದು ನಿಲ್ಲಿಸುತ್ತಾನೆ ಅಂದುಕೊಂಡಿದ್ದೆ. ಕಾರು ಬಂತು, ಗತ್ತು ಬರಲಿಲ್ಲ.

"ಗುರೂ, ಕೆಲಸ ಹೋಯ್ತು ಕಣೋ. ಕಂಪನಿಯವರು ಒಂದೇ ಏಟಿಗೆ ನಮ್ಮ ತಂಡವನ್ನೇ ತೆಗೆದುಬಿಟ್ರು. ವೀಸಾ ರೂಲಿನ ಪ್ರಕಾರ 60 ದಿನ ಟೈಮು. ಅಷ್ಟರೊಳಗೆ ಬೇರೆ ಕೆಲಸ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಗಂಟುಮೂಟೆ."

"ಅಪ್ಪನಿಗೆ ಹೇಳಿದ್ಯಾ?"

ಅವನು ಗೇರು ಬದಲಾಯಿಸುವವನ ಹಾಗೆ ಮಾತು ಬದಲಾಯಿಸಿದ. "ಹನ್ನೊಂದು ವರ್ಷ ಆಯ್ತು ಬಂದು. ಆಫೀಸು, ಮನೆ, ಇಂಡಿಯನ್ ಅಂಗಡಿ ಬಿಟ್ಟು ಬೇರೆ ಏನೂ ನೋಡಿಲ್ಲ ಮಗಾ. ವಾರವೆಲ್ಲ ಅರ್ಜಿ ಹಾಕ್ತೀನಿ. ಶನಿವಾರ ಭಾನುವಾರ ಯಾರೂ ಇಂಟರ್‌ವ್ಯೂ ಮಾಡಲ್ಲ. ಬಾ, ಊರು ನೋಡೋಣ. ಒಂದೊಂದು ಊರಿಗೆ ಒಂದೊಂದು ಆಟ."

ಹೀಗೆ ಶುರುವಾಯ್ತು ನಮ್ಮ ಮೂರು ರೀಲಿನ ಚಿತ್ರ.

ಮೊದಲು ಆಟದ ಟ್ರೇಲರ್

ಬೇಸ್‌ಬಾಲ್ ಅಂದರೆ ಗಾಬರಿ ಬೇಡಿ. ಲಗೋರಿಗೂ ಕ್ರಿಕೆಟ್ಟಿಗೂ ಹುಟ್ಟಿದ ಕೂಸು ಅಂದುಕೊಳ್ಳಿ. ಒಂದು ಕಡೆಗೆ 9 ಜನ. ಒಟ್ಟು 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸಿನಲ್ಲೂ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುತ್ತದೆ. ಮೂರು ಔಟಾದರೆ ಎದ್ದು ನಡಿ. ಎಸೆಯುವವನು 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾನೆ. ಚೆಂಡು ನೆಲಕ್ಕೆ ಪುಟಿಯುವ ಹಾಗಿಲ್ಲ, ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರತಿಯೊಂದೂ ಫುಲ್‌ಟಾಸ್! "ಫುಲ್‌ಟಾಸನ್ನು ಹೊಡೆಯೋಕೆ ಆಗಲ್ವಾ?" ಅಂತ ನಾನೂ ನಕ್ಕಿದ್ದೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದು, ಕೊನೇ ಗಳಿಗೆಯಲ್ಲಿ ಬಾಗಿ ಇಳಿಯುವ ಚೆಂಡನ್ನು ಉರುಟು ಬ್ಯಾಟಿನಲ್ಲಿ ಹೊಡೆಯುವುದು ಎಷ್ಟು ಕಷ್ಟ ಅಂತ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಇಲ್ಲಿ ಸ್ಟಾರು. ಏಳು ಸಲ ಸೋತು ಸ್ಟಾರಾಗುವ ಆಟ ಸ್ವಾಮಿ ಇದು!

ಮೊದಲೆಲ್ಲ ಮೂರು ಗಂಟೆ ಮೀರಿ ಎಳೆಯುತ್ತಿತ್ತಂತೆ. 2023ರಿಂದ ಎಸೆತಗಾರನಿಗೆ ಗಡಿಯಾರ ಕಟ್ಟಿದ್ದಾರೆ. ಈಗ ಎರಡೂವರೆ ಗಂಟೆಯ ಸುಮಾರು, ನಮ್ಮ ಒಂದು ಕನ್ನಡ ಪಿಕ್ಚರಿನಷ್ಟು. ಒಂದೊಂದು ತಂಡ ಸೀಸನ್ನಿಗೆ 162 ಆಟ ಆಡುತ್ತದೆ, ಅದರಲ್ಲಿ 81 ಸ್ವಂತ ಊರಿನಲ್ಲಿ. ಆದ್ದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಯಾವ ದೊಡ್ಡ ಊರಿಗೆ ಹೋದರೂ ಒಂದು ಆಟ ಸಿಗುವ ಸಂಭವ ಹೆಚ್ಚು. ಗಾಂಧಿ ಕ್ಲಾಸಿನ ಟಿಕೆಟು ಬೇಕೆಂದರೆ ಮೇಲಿನ ಅಂತಸ್ತು ಕೇಳಿ. ಇಲ್ಲಿ ಬಾಲ್ಕನಿಯೇ ಅಗ್ಗ, ಮುಂದಿನ ಬೆಂಚೇ ದುಬಾರಿ. ನಮ್ಮೂರಿನ ಲೆಕ್ಕ ಉಲ್ಟಾ!

ಮೊದಲ ರೀಲು: ಸಿನ್ಸಿನಾಟಿ

ಕೊಲಂಬಸ್ಸಿನಿಂದ ದಕ್ಷಿಣಕ್ಕೆ ಸುಮಾರು 170 ಕಿಲೋಮೀಟರ್. ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಉಪ್ಪಿಟ್ಟು ಮುಗಿಸುವಷ್ಟರಲ್ಲಿ ಊರು ಬಂತು. ಒಹಾಯೋ ನದಿಯ ದಂಡೆಯ ಮೇಲೆ ಸಿನ್ಸಿನಾಟಿ, ಆಚೆ ದಡದಲ್ಲಿ ಕೆಂಟಕಿ ರಾಜ್ಯ. ನಡುವೆ ನೀಲಿ ಬಣ್ಣದ ತೂಗುಸೇತುವೆ, ಜಾನ್ ರೋಬ್ಲಿಂಗ್ ಕಟ್ಟಿದ್ದು. 1867ರ ಹೊಸ ವರ್ಷದ ದಿನ ವಾಹನಗಳಿಗೆ ಬಿಟ್ಟದ್ದು ಇನ್ನೂ ಗಟ್ಟಿಮುಟ್ಟಾಗಿದೆ. 'ರೇನ್ ಮ್ಯಾನ್' (1988) ನೋಡಿದವರಿಗೆ ನೆನಪಿರಬಹುದು, ಟಾಮ್ ಕ್ರೂಸ್ ಕಾರು ಓಡಿಸುವುದು ಈ ಸೇತುವೆಯ ಮೇಲೇ. ನಾವಿಬ್ಬರೂ ಕಾಲ್ನಡಿಗೆಯಲ್ಲಿ ದಾಟಿ, ಕೆಂಟಕಿಯ ಮಣ್ಣು ತುಳಿದು, ತಿರುಗಿ ಬಂದೆವು. ಪುಗಸಟ್ಟೆ ಇನ್ನೊಂದು ರಾಜ್ಯ ನೋಡಿದಂತಾಯ್ತು.

ಬೇಸ್‌ಬಾಲಿನ ತವರುಮನೆ ಅಂದರೆ ಈ ಊರೇ. ಬಹಿರಂಗವಾಗಿ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟ ಮೊದಲ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ಅದರ ನಾಯಕ ಹ್ಯಾರಿ ರೈಟ್ ಯಾರು ಗೊತ್ತೇ? ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವನು. ಈ ಊರಿಗೆ ಬಂದಿದ್ದೇ ಕ್ರಿಕೆಟ್ ಆಟಗಾರನಾಗಿ! ಇದನ್ನು ಓದಿದಾಗ ನನಗೆ ದೂರದ ಸಂಬಂಧಿಕ ಸಿಕ್ಕಷ್ಟು ಖುಷಿಯಾಯ್ತು.

ಈಗಿನ ಮೈದಾನದ ಹೆಸರು ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್. 2003ರಲ್ಲಿ ತೆರೆದದ್ದು. ಹೆಸರು ಕೇಳಿ ದೇಶಭಕ್ತಿ ಉಕ್ಕಿಸಿಕೊಳ್ಳಬೇಡಿ, ಅದು ಒಂದು ವಿಮಾ ಕಂಪನಿಯ ಹೆಸರು. ನದಿಯ ಕಡೆ ಹಳೇ ಹಬೆದೋಣಿಯ ಹೊಗೆ ಕೊಳವೆಗಳಂತೆ ಎರಡು ಕಂಬ. ಊರಿನ ಹುಡುಗ ಹೋಮ್‌ರನ್ ಹೊಡೆದರೆ ಸಾಕು, ಅವುಗಳಿಂದ ಢಂ ಅಂತ ಪಟಾಕಿ! ಥೇಟ್ ನಮ್ಮ ಹೀರೋ ಎಂಟ್ರಿ.

ಹೊರಗೆ ಪೀಟ್ ರೋಸ್‌ನ ಕಂಚಿನ ಪ್ರತಿಮೆ. ನೆಲಕ್ಕೆ ಮಲಗಿ ಈಜು ಬೀಳುವವನ ಹಾಗೆ ಗಾಳಿಯಲ್ಲಿ ಹಾರಿದ ಭಂಗಿ. ಇದೇ ಊರಿನ ಹುಡುಗ. ಒಟ್ಟು 4256 ಸಲ ಹೊಡೆದ ದಾಖಲೆ, ಇವತ್ತಿಗೂ ಯಾರೂ ಮುರಿದಿಲ್ಲ. ಆದರೆ ತನ್ನ ತಂಡದ ಆಟಗಳ ಮೇಲೆ ತಾನೇ ಬಾಜಿ ಕಟ್ಟಿದ ಅಂತ 1989ರಲ್ಲಿ ಜೀವನಪರ್ಯಂತ ಹೊರಗೆ ಹಾಕಿದರು. ಬೇಡಿಕೊಂಡ, ಪುಸ್ತಕ ಬರೆದ, ತಪ್ಪಾಯ್ತು ಅಂದ. ಬಾಗಿಲು ತೆರೆಯಲಿಲ್ಲ. 2024ರ ಸೆಪ್ಟೆಂಬರ್ 30ಕ್ಕೆ ತೀರಿಕೊಂಡ. 2025ರ ಮೇ ತಿಂಗಳಲ್ಲಿ ನಿಷೇಧ ತೆಗೆದರು. ಸತ್ತ ಮೇಲೆ!

ದೋಸ್ತ ಆ ಪ್ರತಿಮೆಯ ಮುಂದೆ ತುಂಬಾ ಹೊತ್ತು ನಿಂತ. "ತಪ್ಪು ಮಾಡಿದವನನ್ನು ತೆಗೆದ್ರು, ಸರಿ. ನಾನೇನು ಮಾಡಿದ್ದೆ ಗುರೂ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಊಟಕ್ಕೆ ಎಳಕೊಂಡು ಹೋದೆ.

ಊಟ ಅಂದರೆ ಈ ಊರಿನದು ವಿಚಿತ್ರ. ಗ್ರೀಸ್ ದೇಶದಿಂದ ಬಂದ ಒಬ್ಬರು 1949ರಲ್ಲಿ ಶುರು ಮಾಡಿದ ಸ್ಕೈಲೈನ್ ಅನ್ನೋ ಹೋಟೆಲು. ಶಾವಿಗೆಯ ಮೇಲೆ ಚಕ್ಕೆ ವಾಸನೆಯ ಖೀಮಾ ಸಾರು ಸುರಿದು, ಅದರ ಮೇಲೆ ತುರಿದ ಚೀಸಿನ ಬೆಟ್ಟ ಹೇರುತ್ತಾರೆ. ಸಾರು ದನದ ಮಾಂಸದ್ದು. ಬೇಡದವರಿಗೆ ಕಪ್ಪು ಹುರುಳಿಕಾಳು, ಅನ್ನ ಹಾಕಿದ ಬೇರೆ ತರಹ ಇದೆ. ನಾವು ಅದನ್ನೇ ಹೇಳಿದೆವು. ಬಾಯಿಗಿಟ್ಟರೆ, ಅಯ್ಯೋ ದೇವರೇ, ಮದುವೆ ಮನೆಯ ಪಲಾವಿನ ಮಸಾಲೆ ಶಾವಿಗೆ ಪಾಯಸದ ಪಾತ್ರೆಗೆ ಬಿದ್ದ ಹಾಗೆ! ಆದರೆ ನಾಲ್ಕನೇ ತುತ್ತಿಗೆ ಹಿಡಿಸಿತು. ತಟ್ಟೆ ಖಾಲಿ. ಮೇಲೆ ಗ್ರೇಟರ್ಸ್ ಐಸ್‌ಕ್ರೀಮು, 1870ರ ಅಂಗಡಿ. ಆಟದಲ್ಲಿ ಊರಿನವರು ಸೋತರು. ಪಟಾಕಿ ಒಂದೇ ಸಲ ಸಿಡಿಯಿತು.

ಎರಡನೇ ರೀಲು: ಚಿಕಾಗೋ

ಇದು ಸ್ವಲ್ಪ ದೂರ, 570 ಕಿಲೋಮೀಟರ್. ಶುಕ್ರವಾರ ಬೆಳಗಿನ ಜಾವ ಹೊರಟೆವು. ಆ ವಾರ ಅವನಿಗೆ ಎರಡು ಕಡೆಯಿಂದ 'ವಿಷಾದಿಸುತ್ತೇವೆ' ಪತ್ರ ಬಂದಿತ್ತು. ದಾರಿಯುದ್ದಕ್ಕೂ ಜೋಳದ ಹೊಲ, ಕಾರಿನಲ್ಲಿ ರಾಜನ್-ನಾಗೇಂದ್ರ. ಮಾತು ಕಡಿಮೆ.

ಚಿಕಾಗೋದ ರಿಗ್ಲಿ ಫೀಲ್ಡ್‌ಗೆ ಕಾರು ತೆಗೆದುಕೊಂಡು ಹೋಗುವುದು ಮೂರ್ಖತನ. ಕಾರು ದೂರದಲ್ಲಿ ಬಿಟ್ಟು 'ಎಲ್' ಅನ್ನುವ ರೈಲು ಹಿಡಿಯಬೇಕು. ಕೆಂಪು ಲೈನಿನಲ್ಲಿ ಆಡಿಸನ್ ಸ್ಟೇಷನ್. ಇಳಿದರೆ ಎದುರಿಗೇ ಮೈದಾನ, ಮನೆಗಳ ಮಧ್ಯೆ, ನಮ್ಮ ಊರೊಳಗಿನ ಹಳೇ ಟಾಕೀಸು ಇರುವ ಹಾಗೆ. 1914ರಲ್ಲಿ ಕಟ್ಟಿದ್ದು. ಹೊರಗೋಡೆಗೆಲ್ಲ ಬಳ್ಳಿ, 1937ರಲ್ಲಿ ನೆಟ್ಟದ್ದು. ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡರೆ ಅದಕ್ಕೂ ಒಂದು ರೂಲು ಇದೆ! ಸ್ಕೋರ್‌ಬೋರ್ಡಿನ ಹಿಂದೆ ಮನುಷ್ಯರು ಕೂತು ಇವತ್ತಿಗೂ ಕೈಯಲ್ಲೇ ಅಂಕಿ ಬದಲಾಯಿಸುತ್ತಾರೆ. ಎದುರು ಬೀದಿಯ ಮನೆಗಳ ತಾರಸಿಯ ಮೇಲೆ ಬೆಂಚು ಹಾಕಿ ಟಿಕೆಟು ಮಾರುತ್ತಾರೆ. ಟೆಂಟ್ ಸಿನಿಮಾಕ್ಕೆ ಪಕ್ಕದ ಮಾವಿನ ಮರ ಹತ್ತಿ ನೋಡುತ್ತಿದ್ದ ನಮ್ಮ ಹಳ್ಳಿ ಹುಡುಗರು ನೆನಪಾದರು. ಅವರು ಟಿಕೆಟು ಮಾರುವ ಐಡಿಯಾ ಮಾಡಲಿಲ್ಲವಲ್ಲ!

ಇನ್ನೊಂದು ಮಜಾ ಕೇಳಿ. 1988ರ ಆಗಸ್ಟ್ ತನಕ ಈ ಮೈದಾನದಲ್ಲಿ ದೀಪವೇ ಇರಲಿಲ್ಲ. ಎಲ್ಲಾ ಆಟವೂ ಹಗಲಿನಲ್ಲೇ. ಅಂದರೆ ಎಪ್ಪತ್ತನಾಲ್ಕು ವರ್ಷ ಬರೀ ಮ್ಯಾಟಿನಿ ಷೋ! ಇಡೀ ಊರಿನ ಹುಡುಗರು ಶಾಲೆಗೆ ಚಕ್ಕರ್ ಹಾಕಿ ಬರುತ್ತಿದ್ದರಂತೆ. 'ಫೆರಿಸ್ ಬ್ಯೂಲರ್ಸ್ ಡೇ ಆಫ್' (1986) ಅಂತ ಒಂದು ಪಿಕ್ಚರ್ ಇದೆ, ಕಥೆಯೇ ಚಕ್ಕರ್ ಹಾಕೋದು. ಅದರ ಹುಡುಗ ಬಂದು ಕೂರುವುದೂ ಇಲ್ಲೇ. 'ದಿ ಬ್ಲೂಸ್ ಬ್ರದರ್ಸ್' (1980)ನಲ್ಲಿ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಲು ಒಬ್ಬ ತನ್ನ ಲೈಸೆನ್ಸಿನಲ್ಲಿ ಸುಳ್ಳು ವಿಳಾಸ ಕೊಟ್ಟಿರುತ್ತಾನೆ. ಹುಡುಕಿಕೊಂಡು ಬಂದರೆ ಅದು ಈ ಮೈದಾನದ ವಿಳಾಸ!

ಈ ಕಬ್ಸ್ ತಂಡದ ಕಥೆಯೇ ಒಂದು ದುಃಖದ ಮೆಲೋಡ್ರಾಮಾ. 1908ರಲ್ಲಿ ವಿಶ್ವ ಸರಣಿ ಗೆದ್ದವರು ಆಮೇಲೆ ಗೆಲ್ಲಲೇ ಇಲ್ಲ. 1945ರಲ್ಲಿ ಒಬ್ಬ ಹೋಟೆಲಿನವನು ತನ್ನ ಮೇಕೆಗೂ ಟಿಕೆಟು ತೆಗೆದುಕೊಂಡು ಬಂದನಂತೆ. ವಾಸನೆ ಅಂತ ಮೇಕೆಯನ್ನು ಹೊರಗೆ ಹಾಕಿದರು. ಅವನು ಶಾಪ ಹಾಕಿದ ಅಂತ ಪ್ರತೀತಿ. ಇನ್ನು ಸಿನಿಮಾದವರು ಬಿಡುತ್ತಾರೆಯೇ? 1989ರಲ್ಲಿ ಬಂದ 'ಬ್ಯಾಕ್ ಟು ದ ಫ್ಯೂಚರ್' ಎರಡನೇ ಭಾಗದಲ್ಲಿ ನಾಯಕ 2015ರ ಅಕ್ಟೋಬರ್ 21ಕ್ಕೆ ಹಾರಿ ಹೋಗುತ್ತಾನೆ. ಅಲ್ಲಿ ಏನು ಸುದ್ದಿ? ಕಬ್ಸ್ ಗೆದ್ದರು! ಟಾಕೀಸಿನಲ್ಲಿ ಎಲ್ಲರೂ ನಕ್ಕರು, ಅದು ಜೋಕು. ಆದರೆ ನಿಜವಾದ 2015 ಬಂದಾಗ ಕಬ್ಸ್ ಚೆನ್ನಾಗಿಯೇ ಆಡುತ್ತಿದ್ದರು. ಊರೆಲ್ಲ ಸಿನಿಮಾ ಭವಿಷ್ಯ ನಿಜವಾಗುತ್ತೆ ಅಂತ ಕುಣಿಯಿತು. ಸೋತು ಹೊರಬಿದ್ದದ್ದು ಯಾವತ್ತು ಗೊತ್ತೇ? ಅದೇ ಅಕ್ಟೋಬರ್ 21! ಕಥೆಗಾರ ಒಂದೇ ವರ್ಷ ತಪ್ಪಿದ್ದ. 2016ರ ನವೆಂಬರ್ 2ರ ರಾತ್ರಿ, ಹತ್ತನೇ ಇನ್ನಿಂಗ್ಸಿಗೆ ಹೋದ ಏಳನೇ ಆಟದಲ್ಲಿ ಕಬ್ಸ್ ಗೆದ್ದರು. 108 ವರ್ಷದ ಮೇಲೆ. ಅಜ್ಜ, ಅಪ್ಪ ನೋಡದೆ ಹೋದದ್ದನ್ನು ಮೊಮ್ಮಗ ನೋಡಿದ. ಆ ಗೆಲುವಿನ ಬಳಿಕ ಜನ ಬಂದು ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತೀರಿಕೊಂಡವರ ಹೆಸರು ಬರೆದರು.

ಏಳನೇ ಇನ್ನಿಂಗ್ಸಿನ ಮಧ್ಯೆ ಎಲ್ಲರೂ ಎದ್ದು ನಿಂತು ಮೈ ಮುರಿದು ಒಂದು ಹಾಡು ಹೇಳುತ್ತಾರೆ. 1908ರ ಹಾಡು. ಪಕ್ಕದಲ್ಲಿದ್ದ ಎಂಬತ್ತರ ಅಜ್ಜಿ ದೋಸ್ತನ ಭುಜದ ಮೇಲೆ ಕೈ ಹಾಕಿ ಹಾಡಿದರು. ಇವನಿಗೆ ಪದ ಗೊತ್ತಿಲ್ಲ, ಬಾಯಿ ಮಾತ್ರ ಆಡಿಸಿದ, ಪ್ಲೇಬ್ಯಾಕ್! ಎದುರಾಳಿ ಹೊಡೆದ ಹೋಮ್‌ರನ್ ಚೆಂಡು ನಮ್ಮ ಮುಂದಿನ ಸಾಲಿಗೆ ಬಂತು. ಹಿಡಿದ ಹುಡುಗ ಮನೆಗೆ ಒಯ್ಯುತ್ತಾನೆ ಅಂದುಕೊಂಡರೆ, ಎಲ್ಲರೂ "ಎಸೆ, ಎಸೆ" ಅಂತ ಕೂಗಿದರು. ಅವನು ಮೈದಾನಕ್ಕೇ ವಾಪಸ್ ಎಸೆದ. ಶತ್ರುವಿನ ಚೆಂಡು ನಮಗೆ ಬೇಡ ಅನ್ನೋ ಸ್ವಾಭಿಮಾನ!

ಊರು ಸುತ್ತುವವರಿಗೆ ಚಿಕಾಗೋ ಭೂರಿ ಭೋಜನ. 'ಧೂಮ್ 3' (2013)ರಲ್ಲಿ ಅಮೀರ್ ಖಾನ್ ಬೈಕ್ ಓಡಿಸಿದ ಬೀದಿಗಳು ಇಲ್ಲಿಯವೇ. ಯೂನಿಯನ್ ಸ್ಟೇಷನ್ನಿನ ಮೆಟ್ಟಿಲು 'ದಿ ಅನ್‌ಟಚಬಲ್ಸ್' (1987)ನಲ್ಲಿ ಮಗುವಿನ ತಳ್ಳುಗಾಡಿ ಉರುಳಿದ ಮೆಟ್ಟಿಲು. ನಾನು ಮೂರು ಸಲ ಹತ್ತಿ ಇಳಿದೆ, ದೋಸ್ತ ಮೊಬೈಲಿನಲ್ಲಿ ಷೂಟಿಂಗ್ ಮಾಡಿದ. 110 ಅಂತಸ್ತಿನ ಸಿಯರ್ಸ್ ಟವರ್, ಈಗ ವಿಲಿಸ್ ಟವರ್, ಅದು ನಿಲ್ಲುವ ಲೆಕ್ಕ ಹಾಕಿದ ಇಂಜಿನಿಯರ್ ಢಾಕಾ ಮೂಲದ ಫಜ್ಲುರ್ ರಹಮಾನ್ ಖಾನ್. ಪಾರ್ಕಿನಲ್ಲಿ ಕನ್ನಡಿಯ ಹಾಗೆ ಹೊಳೆಯುವ ದೊಡ್ಡ ಅವರೆಕಾಳಿನಂಥ ಶಿಲ್ಪ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು. ಅಲ್ಲಿಂದ ನಾಲ್ಕು ಹೆಜ್ಜೆಗೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ ಕಟ್ಟಡ. ಅದಕ್ಕೆ ಮುಂಚಿನ ವರ್ಷ, 1892ರಲ್ಲಿ, ಅವರು ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಮೈಸೂರಿನ ಇಬ್ಬರು ಹುಡುಗರು ಆ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿ ಒಂದು ನಿಮಿಷ ನಿಂತೆವು. ಯಾರೋ ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ತಿನ್ನುವುದಾದರೆ ಡೀಪ್ ಡಿಷ್ ಪಿಜ್ಜಾ, ಅದು ಪಿಜ್ಜಾ ಅಲ್ಲ, ಬಾವಿ. ಒಂದು ತುಂಡಿಗೆ ಒಬ್ಬ ಸುಸ್ತು. ಹಾಟ್‌ಡಾಗ್ ಇಲ್ಲಿ ದನದ ಮಾಂಸದ್ದು, ಕೇಳಿ ತಿನ್ನಿ. ಅದರ ಮೇಲೆ ಟೊಮೇಟೊ ಕೆಚಪ್ ಮಾತ್ರ ಕೇಳಬೇಡಿ, ಮದ್ದೂರು ವಡೆಗೆ ಸಕ್ಕರೆ ಕೇಳಿದವನನ್ನು ನೋಡಿದ ಹಾಗೆ ನೋಡುತ್ತಾರೆ. ಸಂಜೆ ಡೆವಾನ್ ಅವೆನ್ಯೂಗೆ ಹೋದೆವು. ಅದರಲ್ಲಿ ಒಂದು ತುಂಡಿಗೆ ಗಾಂಧಿ ಮಾರ್ಗ ಅಂತ ಗೌರವದ ಹೆಸರು. ಸೀರೆ ಅಂಗಡಿ, ಪಾನ್ ಅಂಗಡಿ, ಇಡ್ಲಿ ವಡೆ. ಬಿಸಿ ಕಾಫಿ ಕುಡಿಯುತ್ತಾ ಕೇಳಿದೆ: "ಅಪ್ಪನಿಗೆ ಹೇಳಿದ್ಯೇನೋ?"

"ಮುಂದಿನ ವಾರ."

ಮೂರನೇ ರೀಲು: ಪಿಟ್ಸ್‌ಬರ್ಗ್

ಮುಂದಿನ ವಾರವೂ ಹೇಳಲಿಲ್ಲ. ನಾವು ಪಿಟ್ಸ್‌ಬರ್ಗಿಗೆ ಹೊರಟಾಗ ಅವನ 60ರಲ್ಲಿ 51 ದಿನ ಮುಗಿದಿತ್ತು. ಕೊಲಂಬಸ್ಸಿನಿಂದ ಪೂರ್ವಕ್ಕೆ 300 ಕಿಲೋಮೀಟರ್. ಬೆಟ್ಟದೊಳಗಿನ ಸುರಂಗದಿಂದ ಕಾರು ಹೊರಬಿದ್ದ ಕೂಡಲೇ ಪರದೆ ಸರಿದ ಹಾಗೆ ಇಡೀ ಊರು ಕಣ್ಣಿಗೆ ಹೊಡೆಯುತ್ತದೆ. ನದಿ, ಹಳದಿ ಸೇತುವೆ, ಗಗನಚುಂಬಿ! ಎಷ್ಟು ಪಿಕ್ಚರ್ ನೋಡಿದ್ದರೂ ಇಂಥ ಓಪನಿಂಗ್ ಷಾಟ್ ನೋಡಿರಲಿಲ್ಲ. ಅಲೆಗೆನಿ, ಮೊನೊಂಗಹೇಲಾ ಎರಡು ನದಿ ಸೇರಿ ಒಹಾಯೋ ನದಿ ಹುಟ್ಟುವ ಜಾಗ. ಸಂಗಮ ಸ್ವಾಮಿ, ಸಂಗಮ! ಸಿನ್ಸಿನಾಟಿಯಲ್ಲಿ ನೋಡಿದ ನದಿಯ ತಲಕಾವೇರಿಗೆ ಬಂದಿದ್ದೆವು.

ಮೊದಲು ದೇವರು. ಊರಾಚೆಯ ಪೆನ್ ಹಿಲ್ಸ್‌ನಲ್ಲಿ ಗುಡ್ಡದ ಮೇಲೆ ಶ್ರೀ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಕಟ್ಟಿದ್ದು, ಅಮೆರಿಕಾದ ಹಳೆಯ ಹಿಂದೂ ದೇವಾಲಯಗಳಲ್ಲಿ ಒಂದು. ಬಿಳಿ ಗೋಪುರ, ಸುತ್ತ ಹಸಿರು ಕಾಡು. ದರ್ಶನ ಮುಗಿಸಿ ಪುಳಿಯೋಗರೆ, ಮೊಸರನ್ನ. ದೋಸ್ತ ಒಂದು ಪೊಟ್ಟಣ ಹೆಚ್ಚಿಗೆ ಕಟ್ಟಿಸಿಕೊಂಡ. "ರಾತ್ರಿಗೆ ಆಗುತ್ತೆ. ಇಲ್ಲಿ ಮೈದಾನದೊಳಗೆ ಮನೆ ಬುತ್ತಿ ಬಿಡ್ತಾರೆ ಗುರೂ."

ಮಧ್ಯಾಹ್ನ ಊರು ಸುತ್ತಿದೆವು. 1877ರಿಂದ ಬೆಟ್ಟದ ಮೇಲಕ್ಕೆ ಹಗ್ಗದಲ್ಲಿ ಎಳೆಯುವ ಕೆಂಪು ಮರದ ಡಬ್ಬಿ ಬಂಡಿ, ಡುಕೇನ್ ಇನ್‌ಕ್ಲೈನ್. ಮೇಲಿನಿಂದ ಸಂಗಮ ಅಂಗೈಯಲ್ಲಿ ಕಾಣುತ್ತದೆ. ಹಗಲು ವೆಲ್ಡಿಂಗ್ ಮಾಡಿ ರಾತ್ರಿ ಕುಣಿಯುವ ಹುಡುಗಿಯ 'ಫ್ಲ್ಯಾಶ್‌ಡಾನ್ಸ್' (1983) ಈ ಉಕ್ಕಿನ ಊರಿನ ಕಥೆ. ಸತ್ತವರು ಎದ್ದು ಬರುವ ಪಿಕ್ಚರುಗಳಿಗೆಲ್ಲ ಮೂಲಪುರುಷ 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ತಯಾರಾದದ್ದೂ ಈ ಸುತ್ತಮುತ್ತಲೇ. 1933ರಲ್ಲಿ ಲಾರಿ ಡ್ರೈವರುಗಳಿಗೋಸ್ಕರ ಶುರುವಾದ ಪ್ರಿಮ್ಯಾಂಟಿ ಹೋಟೆಲಿನಲ್ಲಿ ಸ್ಯಾಂಡ್‌ವಿಚ್ ತಿಂದೆವು. ಪಲ್ಯ, ಆಲೂಗಡ್ಡೆ ಫ್ರೈ ಎಲ್ಲ ಬ್ರೆಡ್ಡಿನ ಒಳಗೇ ತುರುಕಿ ಕೊಡುತ್ತಾರೆ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಊಟ! "ಅಪ್ಪನಿಗೆ ಇದು ಇಷ್ಟ ಆಗ್ತಿತ್ತು" ಅಂದ ದೋಸ್ತ. ಅವನಾಗಿಯೇ ಅಪ್ಪನ ಮಾತೆತ್ತಿದ್ದು ಅದೇ ಮೊದಲು.

ಯೂನಿವರ್ಸಿಟಿಯ ಹತ್ತಿರ ಹಳೇ ಫೋರ್ಬ್ಸ್ ಫೀಲ್ಡಿನ ಒಂದು ತುಂಡು ಗೋಡೆ ಉಳಿಸಿದ್ದಾರೆ. 1960ರ ಅಕ್ಟೋಬರ್ 13ರಂದು ಬಿಲ್ ಮಜರಾಸ್ಕಿ ಕೊನೆಯ ಇನ್ನಿಂಗ್ಸಿನಲ್ಲಿ ಹೋಮ್‌ರನ್ ಹೊಡೆದು, ಬಲಾಢ್ಯ ಯಾಂಕೀಸನ್ನು 10-9ರಿಂದ ಸೋಲಿಸಿದ. ಈಗಲೂ ಪ್ರತಿವರ್ಷ ಆ ದಿನ ಜನ ಗೋಡೆ ಹತ್ತಿರ ಸೇರಿ ಆವತ್ತಿನ ರೇಡಿಯೋ ವಿವರಣೆ ಹಾಕಿಕೊಂಡು ಕೇಳುತ್ತಾರೆ. ಅದಕ್ಕೊಂದು ಸಿನಿಮಾ ಬಾಲಂಗೋಚಿ ಇದೆ. ಗಾಯಕ ನಟ ಬಿಂಗ್ ಕ್ರಾಸ್ಬಿ ಈ ತಂಡದಲ್ಲಿ ಪಾಲುದಾರ. ಎದೆ ಡವಗುಟ್ಟುತ್ತೆ ಅಂತ ಆಟದ ಹೊತ್ತಿಗೆ ಪ್ಯಾರಿಸ್ಸಿಗೆ ಓಡಿಹೋಗಿದ್ದ! ಆದರೆ ಟಿ.ವಿ.ಯಿಂದ ಫಿಲ್ಮಿಗೆ ತೆಗೆದಿಡಲು ಹೇಳಿದ್ದ. ಆ ಆಟದ ಪೂರ್ಣ ಚಿತ್ರ ಎಲ್ಲೂ ಉಳಿದಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದಾಗ, 2009ರಲ್ಲಿ ಅವನ ಮನೆಯ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ ಐದು ರೀಲು ಸಿಕ್ಕಿತು. ನಮ್ಮ ಎಷ್ಟು ಹಳೇ ಕನ್ನಡ ಚಿತ್ರಗಳ ರೀಲು ಹೀಗೆ ಯಾರ ಅಟ್ಟದ ಮೇಲಾದರೂ ಇದ್ದೀತೋ ಅಂತ ನನ್ನ ಹೊಟ್ಟೆ ಉರಿಯಿತು.

ಸಂಜೆ ನದಿಯ ದಡದ ಪಿಎನ್‌ಸಿ ಪಾರ್ಕಿಗೆ. 2001ರಲ್ಲಿ ಕಟ್ಟಿದ್ದು. ಇದು ಬ್ಯಾಂಕಿನ ಹೆಸರು. ಒಂದು ವಿಮೆ, ಒಂದು ಚೂಯಿಂಗ್ ಗಮ್, ಒಂದು ಬ್ಯಾಂಕು, ನಮ್ಮ ಮೂರೂ ದೇವಾಲಯದ ಹೆಸರು ಹೀಗೆ! 2008ರಲ್ಲಿ ಉತ್ತರ ಪ್ರದೇಶದ ಜಾವೆಲಿನ್ ಹುಡುಗರು ರಿಂಕು ಸಿಂಗ್, ದಿನೇಶ್ ಪಟೇಲ್ ಟಿ.ವಿ. ಸ್ಪರ್ಧೆಯಲ್ಲಿ ಗೆದ್ದು ಒಪ್ಪಂದ ಮಾಡಿಕೊಂಡಿದ್ದು ಇದೇ ಪೈರೇಟ್ಸ್ ತಂಡದ ಜೊತೆ. ಎ.ಆರ್. ರೆಹಮಾನ್ ಸಂಗೀತದ 'ಮಿಲಿಯನ್ ಡಾಲರ್ ಆರ್ಮ್' (2014) ಅವರದೇ ಕಥೆ. ಇಬ್ಬರೂ ಕೊನೆಗೆ ಮೇಲಿನ ದರ್ಜೆಗೆ ಏರಲಿಲ್ಲ. ರಿಂಕು ಆಮೇಲೆ ಕುಸ್ತಿ ಅಖಾಡಕ್ಕೆ ಇಳಿದು ಹೆಸರು ಮಾಡಿದ.

ಈ ಊರಿನ ಇನ್ನೊಂದು ಹೆಸರು ಜಾಷ್ ಗಿಬ್ಸನ್. ಕರಿಯರನ್ನು ದೊಡ್ಡ ಲೀಗಿಗೆ ಸೇರಿಸದಿದ್ದ ಕಾಲದಲ್ಲಿ ಕರಿಯರ ಲೀಗಿನಲ್ಲಿ ಆಡಿದ ಭೀಮ. 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ಸತ್ತ. ಮೂರೇ ತಿಂಗಳಲ್ಲಿ, ಏಪ್ರಿಲ್ 15ಕ್ಕೆ, ಜಾಕಿ ರಾಬಿನ್ಸನ್‌ಗೆ ಬಾಗಿಲು ತೆರೆಯಿತು. 2024ರಲ್ಲಿ ಆ ಲೀಗಿನ ಅಂಕಿಗಳನ್ನೂ ಸೇರಿಸಿ ಲೆಕ್ಕ ಹಾಕಿದರು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಈಗ ಅವನೇ ನಂಬರ್ ಒನ್.

ಸೇತುವೆಯ ಮೇಲೆ

ಮೈದಾನಕ್ಕೆ ಹೋಗುವ ಹಳದಿ ಸೇತುವೆಗೆ ರಾಬರ್ಟೊ ಕ್ಲೆಮೆಂಟೆ ಹೆಸರು. ಆಟದ ದಿನ ಅದರ ಮೇಲೆ ವಾಹನ ಬಿಡುವುದಿಲ್ಲ, ಜಾತ್ರೆಯ ಹಾಗೆ ಜನ ನಡೆದು ಬರುತ್ತಾರೆ. ಕೊನೆಯಲ್ಲಿ ಅವನ ಪ್ರತಿಮೆ. ನೋಡಿದ ಅರ್ಧ ಜನರ ಬೆನ್ನ ಮೇಲೆ 21. ಅವನು ತೊಟ್ಟ ನಂಬರು. ಮೈದಾನದ ಬಲಗಡೆ ಗೋಡೆಯೂ 21 ಅಡಿ.

ಪೋರ್ಟೊರಿಕೊ ದ್ವೀಪದ ಹುಡುಗ. 1955ರಲ್ಲಿ ಈ ಊರಿಗೆ ಬಂದಾಗ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಪತ್ರಿಕೆಯವರು ಆಡಿಕೊಂಡು ನಗುತ್ತಿದ್ದರು. ಹದಿನೆಂಟು ವರ್ಷ ಇದೇ ತಂಡಕ್ಕೆ ಆಡಿದ. 1972ರ ಸೆಪ್ಟೆಂಬರ್ 30ರಂದು ತನ್ನ 3000ನೇ ಹೊಡೆತ ಹೊಡೆದ. ಡಿಸೆಂಬರ್ 23ಕ್ಕೆ ನಿಕರಾಗುವಾ ದೇಶದಲ್ಲಿ ಭೂಕಂಪ. ಕ್ಲೆಮೆಂಟೆ ಅಕ್ಕಿ ಬೇಳೆ ಔಷಧಿ ಸೇರಿಸಿ ಕಳಿಸಿದ. ನಡುವೆ ಕಳ್ಳರ ಪಾಲಾಗುತ್ತಿದೆ ಅಂತ ಗೊತ್ತಾದಾಗ, ನಾನೇ ಹೋದರೆ ಮುಟ್ಟುತ್ತೆ ಅಂತ ಡಿಸೆಂಬರ್ 31ರ ರಾತ್ರಿ ತಾನೇ ವಿಮಾನ ಹತ್ತಿದ. ಹಳೇ ವಿಮಾನ, ಮಿತಿಮೀರಿದ ಭಾರ. ಮೇಲೇರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಅವನ ದೇಹ ಸಿಗಲೇ ಇಲ್ಲ. ವಯಸ್ಸು 38. ಅವನ ಲೆಕ್ಕ ಸರಿಯಾಗಿ 3000ಕ್ಕೇ ನಿಂತಿತು.

ದೋಸ್ತ ಫಲಕ ಓದುತ್ತಾ ಇದ್ದಕ್ಕಿದ್ದಂತೆ ತಿರುಗಿದ. "ಸೆಪ್ಟೆಂಬರ್ 30 ಅಂದ್ರೆ ಏನು ದಿನ ಗೊತ್ತೇನೋ?"

ಕನ್ನಡಿಗರಿಗೆ ಹೇಳಬೇಕೇ? 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡು. ಶಂಕರ್‌ನಾಗ್ ಕಾರು ಅಪಘಾತ. ವಯಸ್ಸು 35.

ಇಬ್ಬರೂ ಮಾತಾಡದೆ ನಿಂತೆವು. ಪಕ್ಕದಲ್ಲಿ ಒಬ್ಬ ಅಪ್ಪ ತನ್ನ ಪುಟ್ಟ ಮಗನಿಗೆ ಕ್ಲೆಮೆಂಟೆ ಪ್ರತಿಮೆ ತೋರಿಸುತ್ತಿದ್ದ. ಆ ಅಪ್ಪನೂ ಕ್ಲೆಮೆಂಟೆ ಆಡಿದ್ದನ್ನು ನೋಡಿರುವ ವಯಸ್ಸಿನವನಲ್ಲ. 'ಆಟೋ ರಾಜ' (1980) ಬಂದಾಗ ಹುಟ್ಟೇ ಇರದಿದ್ದ ಹುಡುಗರು ಇವತ್ತು ಆಟೋ ಹಿಂದೆ ಶಂಕ್ರಣ್ಣನ ಚಿತ್ರ ಹಾಕಿಕೊಂಡಿಲ್ಲವೇ? ಹಾಗೆ.

ಆಟ ಚೆನ್ನಾಗಿತ್ತು. ನಡುವೆ ದೊಡ್ಡ ಕಡುಬಿನ ವೇಷ ಹಾಕಿದವರು ಓಟದ ಪಂದ್ಯ ಮಾಡಿದರು. ಪಿರೋಗಿ ಅನ್ನುವ ಪೋಲೆಂಡಿನ ಕಡುಬು ಈ ಊರಿನ ಪ್ರೀತಿಯ ತಿಂಡಿ. ನಾವು ಪುಳಿಯೋಗರೆ ಪೊಟ್ಟಣ ಬಿಚ್ಚಿದೆವು. ಇಂಗಿನ ವಾಸನೆಗೆ ಹಿಂದಿನ ಸಾಲಿನವರು ಬಗ್ಗಿ ನೋಡಿದರು. ಒಂದು ತುತ್ತು ಕೊಟ್ಟೆವು, ಅವರು ಕಡಲೆಕಾಯಿ ಕೊಟ್ಟರು. ಸ್ಕೋರ್‌ಬೋರ್ಡಿನಲ್ಲಿ ಮೂರು ಕಾಲಮ್ಮು: ರನ್ನು, ಹೊಡೆತ, ತಪ್ಪು. ಈ ಆಟದಲ್ಲಿ ಮಾಡಿದ ತಪ್ಪನ್ನೂ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಾರೆ. ಬರೆದು, ಮುಂದಿನ ಆಟ ಆಡುತ್ತಾರೆ. ದೋಸ್ತ ಅದನ್ನೇ ನೋಡುತ್ತಿದ್ದ.

ಒಂಬತ್ತೂವರೆಗೆ ಆಟ ಮುಗಿಯಿತು. ಜನರ ಜೊತೆ ಮತ್ತೆ ಸೇತುವೆಗೆ ಬಂದೆವು. ಕೆಳಗೆ ನದಿಯಲ್ಲಿ ದೀಪಗಳು. ದೋಸ್ತ ಗಡಿಯಾರ ನೋಡಿದ. ಮೈಸೂರಿನಲ್ಲಿ ಬೆಳಿಗ್ಗೆ ಏಳೂ ಕಾಲು. ಅಪ್ಪ ಕಾಫಿ ಕುಡಿದು ಆಟೋ ಒರೆಸುವ ಹೊತ್ತು. ಕಂಬಿಗೆ ಒರಗಿ ಫೋನ್ ಮಾಡಿದ, ಸ್ಪೀಕರಿಗೆ ಹಾಕಿದ. ಕೈ ನಡುಗುತ್ತಿತ್ತೋ ಏನೋ.

"ಅಪ್ಪಾ, ಒಂದು ವಿಷಯ. ಕೆಲಸ ಹೋಗಿದೆ. ಐವತ್ತು ದಿನ ಆಯ್ತು. ಹೇಳಕ್ಕೆ ಆಗ್ಲಿಲ್ಲ. ಎಷ್ಟು ಕಡೆ ಅರ್ಜಿ ಹಾಕಿದೆ ಅಂದ್ರೆ..."

ಆ ಕಡೆ ಎರಡು ಕ್ಷಣ ಮೌನ. ಹಿನ್ನೆಲೆಯಲ್ಲಿ ಕಾಗೆ ಕೂಗಿತು. ಆಮೇಲೆ ಮೀಟರ್ ಹಾಕುವವರ ಹಾಗೆ ಚುಟುಕಾಗಿ ಬಂತು ಉತ್ತರ.

"ಲೆಕ್ಕ ಆಮೇಲೆ ಹೇಳೀಯಂತೆ. ಯಾವತ್ತು ಬರ್ತೀಯ ಹೇಳು ಮಗಾ. ರೈಲ್ವೆ ಸ್ಟೇಷನ್ನಿಗೆ ನಾನೇ ಆಟೋ ತರ್ತೀನಿ."

ಮತ್ತೆ ಒಂದು ಮಾತು: "ಊಟ ಆಯ್ತಾ?"

"ಆಯ್ತಪ್ಪಾ. ಪುಳಿಯೋಗರೆ."

"ಅಮೆರಿಕಾದಲ್ಲಿ ಪುಳಿಯೋಗರೆನಾ? ಸರಿ ಬಿಡು, ಇನ್ನೇನು ಕಷ್ಟ ನಿನಗೆ!"

ದೋಸ್ತ ನಕ್ಕ. ಐವತ್ತೊಂದು ದಿನದಲ್ಲಿ ಅವನು ಹಾಗೆ ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಕಣ್ಣೂ ಒರೆಸಿಕೊಂಡ, ನಾನು ನೋಡದ ಹಾಗೆ ನದಿಯ ಕಡೆ ತಿರುಗಿದೆ.

ಐವತ್ತೆಂಟನೇ ದಿನ ಅವನು ವಿಮಾನ ಹತ್ತಿದ. ಬೆಂಗಳೂರಿನಲ್ಲಿ ಇಳಿದು ರೈಲು ಹಿಡಿದು ಮೈಸೂರು ಸೇರಿದಾಗ, ಹೇಳಿದ ಹಾಗೆ ಅಪ್ಪ ಸ್ಟೇಷನ್ನಿನ ಮುಂದೆ ನಿಂತಿದ್ದರಂತೆ. ಹಿಂದಿನ ಸೀಟಿನಲ್ಲಿ ಸೂಟ್‌ಕೇಸು, ಅದರ ಹಿಂದೆ ಶಂಕ್ರಣ್ಣ. ಈಗ ಆ ಆಟೋದ ಮುಂದಿನ ಗಾಜಿನ ಮೂಲೆಯಲ್ಲಿ ಇನ್ನೊಂದು ಸ್ಟಿಕರ್ ಇದೆ. ಹಳದಿ ಮೇಲೆ ಕಪ್ಪು ಅಕ್ಷರ, 21. ಹತ್ತಿದವರು "ಏನು ಸಾರ್ ಇದು?" ಅಂತ ಕೇಳಿದರೆ ಅಪ್ಪ ಕಥೆ ಹೇಳುತ್ತಾರೆ. ಮೈಸೂರಿಗೆ ಹೋದಾಗ ಸಿಕ್ಕರೆ ನೀವೂ ಕೇಳಿ. ಕಥೆಗೆ ಮೀಟರ್ ಇಲ್ಲ.